ಸೀಲಿಯಾಕ್ ಕಾಯಿಲೆ ಇದ್ದರೆ ಮನೆ, ಅಡುಗೆ, ಊಟ ಹೇಗಿರಬೇಕು: ಒಂದು ಸಮಗ್ರ ಮಾರ್ಗದರ್ಶಿ

ಮನೆಯಲ್ಲಿ ಯಾರಿಗಾದರೂ ಸೀಲಿಯಾಕ್ ಕಾಯಿಲೆ, ಅಂದರೆ ಗೋಧಿಯಂಥ ಧಾನ್ಯಗಳಿಂದ ಕರುಳು ಹಾಳಾಗುವ ಕಾಯಿಲೆ, ಇದೆ ಅಂತ ಗೊತ್ತಾದಾಗ ನೆಂಟರೆಲ್ಲ ಹೇಳುವ ಮಾತು ಒಂದೇ. "ಚಪಾತಿ ಬಿಟ್ಟರಾಯ್ತಲ್ವಾ, ನಾವು ಹೇಗೂ ಅನ್ನ, ಮುದ್ದೆ ತಿನ್ನೋರು." ಇದು ಅರ್ಧ ನಿಜ. ಅಕ್ಕಿ, ರಾಗಿ, ಜೋಳ, ಸಜ್ಜೆ, ನವಣೆ ಇರುವ ನಾಡಿನಲ್ಲಿ ಗೋಧಿ ಬಿಟ್ಟು ಹೊಟ್ಟೆ ತುಂಬಿಸಿಕೊಳ್ಳುವುದು ಕಷ್ಟವಲ್ಲ. ಆದರೆ ತಟ್ಟೆಯಲ್ಲಿ ಕಾಣುವ ಚಪಾತಿಯನ್ನು ಎಲ್ಲರೂ ಬಿಡುತ್ತಾರೆ. ಕಾಣದೆ ಒಳಗೆ ಹೋಗುವ ಗೋಧಿಯೇ ತೊಂದರೆ ಕೊಡುವುದು: ಒಗ್ಗರಣೆಯ ಇಂಗಿನಲ್ಲಿ, ಗಿರಣಿಯ ಕಲ್ಲಿನಲ್ಲಿ, ರವೆ ದೋಸೆ ಹುಯ್ದ ಕಾವಲಿಯಲ್ಲಿ ಇರುವ ಗೋಧಿ.

ನನ್ನ ಮಗಳಿಗೆ ಈ ಕಾಯಿಲೆ ಇದೆ. ಹೊಸದಾಗಿ ಗೊತ್ತಾದವರು ಕೇಳುವ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಅವೇ ಆಗಿರುತ್ತವೆ. ಅದಕ್ಕೇ ಇದನ್ನು ಮೊದಲಿನಿಂದ, ನಮ್ಮ ಕಡೆಯ ಅಡುಗೆಗೆ ಹೊಂದುವಂತೆ ಬರೆದಿದ್ದೇನೆ. ಔಷಧಿ, ಪರೀಕ್ಷೆಗಳ ಕೊನೆಯ ಮಾತು ನಿಮ್ಮ ಡಾಕ್ಟರದ್ದೇ.

ಹಂತ 1: ಪರೀಕ್ಷೆ ಮುಗಿಯುವವರೆಗೆ ಗೋಧಿ ನಿಲ್ಲಿಸಬೇಡಿ

ಅನುಮಾನ ಬಂದ ಕೂಡಲೇ ಜನ ಗೋಧಿ ಬಿಟ್ಟುಬಿಡುತ್ತಾರೆ. ಹೊಟ್ಟೆ ಹಗುರಾಗುತ್ತದೆ, ಖುಷಿಯಾಗುತ್ತದೆ. ಆಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಎಲ್ಲ ಸರಿ ಇದೆ ಅಂತ ಬರುತ್ತದೆ, ಯಾಕೆಂದರೆ ಆ ಪರೀಕ್ಷೆ ಹುಡುಕುವುದು ಗ್ಲುಟೆನ್ ವಿರುದ್ಧ ದೇಹ ತೋರಿಸುವ ಸಿಟ್ಟಿನ ಗುರುತನ್ನು. ತಿನ್ನುವುದು ನಿಲ್ಲಿಸಿದರೆ ಆ ಗುರುತು ನಿಧಾನವಾಗಿ ಅಳಿಸಿಹೋಗುತ್ತದೆ.

ಗೋಧಿ, ಜವೆಗೋಧಿ (ಬಾರ್ಲಿ), ರೈ ಎಂಬ ಧಾನ್ಯಗಳಲ್ಲಿ ಇರುವ ಪ್ರೋಟೀನ್‌ಗೆ ಗ್ಲುಟೆನ್ ಅನ್ನುತ್ತಾರೆ. ಸೀಲಿಯಾಕ್ ಇದ್ದವರ ಹೊಟ್ಟೆಗೆ ಇದು ಹೋದಾಗ ಅವರ ರೋಗನಿರೋಧಕ ವ್ಯವಸ್ಥೆ ಸ್ವಂತ ಸಣ್ಣ ಕರುಳಿನ ಮೇಲೇ ತಿರುಗಿ ಬೀಳುತ್ತದೆ. ಕರುಳಿನ ಒಳಮೈಯಲ್ಲಿ ಕಂಬಳಿಯ ಜುಂಗಿನ ಹಾಗೆ ಎದ್ದಿರುವ ಸಣ್ಣ ಎಳೆಗಳಿವೆ. ಊಟದ ಸಾರವನ್ನು ಹೀರಿಕೊಳ್ಳುವುದು ಅವೇ. ಅವು ಸವೆದು ಚಪ್ಪಟೆಯಾದರೆ ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ. ಇದು ಅಲರ್ಜಿ ಅಲ್ಲ, ಅಜೀರ್ಣವೂ ಅಲ್ಲ. ಒಮ್ಮೆ ಬಂದರೆ ಜೀವನಪೂರ್ತಿ ಇರುವ ಆಟೋಇಮ್ಯೂನ್ ಕಾಯಿಲೆ.

ಮೊದಲು ಮಾಡಿಸಬೇಕಾದದ್ದು ಟಿಟಿಜಿ-ಐಜಿಎ ಎಂಬ ರಕ್ತ ಪರೀಕ್ಷೆ. ಅದರ ಜೊತೆಗೆ ರಕ್ತದಲ್ಲಿ ಐಜಿಎ ಎಂಬ ಪ್ರತಿಕಾಯದ ಒಟ್ಟು ಪ್ರಮಾಣವನ್ನೂ ನೋಡಿಸಿ. ಕೆಲವರಲ್ಲಿ ಐಜಿಎ ಹುಟ್ಟಿನಿಂದಲೇ ಕಡಿಮೆ ಇರುತ್ತದೆ, ಅಂಥವರಿಗೆ ಕಾಯಿಲೆ ಇದ್ದರೂ ಮೊದಲ ಪರೀಕ್ಷೆಯಲ್ಲಿ ಸಿಕ್ಕುವುದಿಲ್ಲ. ಟಿಟಿಜಿ ಜಾಸ್ತಿ ಬಂದರೆ ಹೊಟ್ಟೆ-ಕರುಳಿನ ತಜ್ಞರು (ಗ್ಯಾಸ್ಟ್ರೋಎಂಟರಾಲಜಿಸ್ಟ್) ಎಂಡೋಸ್ಕೋಪಿ ಮಾಡಿ, ಸಣ್ಣ ಕರುಳಿನ ಮೊದಲ ಭಾಗದಿಂದ ನಾಲ್ಕಾರು ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಮಕ್ಕಳಲ್ಲಿ ಟಿಟಿಜಿ ಮಿತಿಗಿಂತ ಹತ್ತು ಪಟ್ಟು ಜಾಸ್ತಿ ಇದ್ದು, ಇನ್ನೊಂದು ರಕ್ತ ಪರೀಕ್ಷೆಯೂ ಅದನ್ನೇ ಹೇಳಿದರೆ ಬಯಾಪ್ಸಿ ಇಲ್ಲದೆಯೂ ತೀರ್ಮಾನಿಸಬಹುದು ಅಂತ ಯುರೋಪಿನ ಮಕ್ಕಳ ತಜ್ಞರ 2020ರ ಮಾರ್ಗಸೂಚಿ ಹೇಳುತ್ತದೆ. ನಿಮ್ಮ ಮಗುವಿಗೆ ಅದು ಸರಿಯೇ ಅನ್ನುವುದನ್ನು ಡಾಕ್ಟರ್ ಹೇಳಬೇಕು.

ಈಗಾಗಲೇ ಗೋಧಿ ಬಿಟ್ಟಿದ್ದರೆ ಗಾಬರಿ ಬೇಡ. ಡಾಕ್ಟರ ಕಣ್ಗಾವಲಿನಲ್ಲಿ ಕೆಲವು ವಾರ ಮತ್ತೆ ಗೋಧಿ ತಿಂದು ಪರೀಕ್ಷೆ ಮಾಡಿಸುವ ಕ್ರಮ ಇದೆ. ಸುಮ್ನೆ ನೀವೇ ಶುರು ಮಾಡಬೇಡಿ. ಎಚ್ಎಲ್ಎ ಜೀನ್ ಪರೀಕ್ಷೆ ಬಗ್ಗೆಯೂ ಒಂದು ಮಾತು: ಡಿಕ್ಯೂ2, ಡಿಕ್ಯೂ8 ಎಂಬ ಜೀನ್‌ಗಳು ಎರಡೂ ಇಲ್ಲ ಅಂತ ಬಂದರೆ ಸೀಲಿಯಾಕ್ ಇಲ್ಲ ಅಂತ ಬಹುತೇಕ ಖಚಿತ. ಇದೆ ಅಂತ ಬಂದರೆ ಮಾತ್ರ ಏನೂ ಸಾಬೀತಾಗುವುದಿಲ್ಲ. ಜನಸಂಖ್ಯೆಯ ಸುಮಾರು ಮೂರನೇ ಒಂದು ಭಾಗದಲ್ಲಿ ಆ ಜೀನ್ ಇದ್ದೇ ಇದೆ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಟ್ರಾಪಿಕಲ್ ಸ್ಪ್ರೂ ಎಂಬ ಕರುಳಿನ ಕಾಯಿಲೆ, ಹೊಟ್ಟೆಯ ಕ್ಷಯ, ಜಿಯಾರ್ಡಿಯಾ ಸೋಂಕು, ಇವುಗಳಲ್ಲೂ ಭೇದಿ, ತೂಕ ಇಳಿಯುವುದು, ರಕ್ತ ಕಡಿಮೆಯಾಗುವುದು ಹೀಗೇ ಇರುತ್ತದೆ. ಇವುಗಳ ಔಷಧಿ ಬೇರೆ. ಅದಕ್ಕೇ ಅಂದಾಜಿನ ಮೇಲೆ ಜೀವನಪೂರ್ತಿ ಪಥ್ಯ ಹಿಡಿಯಬಾರದು.

ಹಂತ 2: ಯಾರಿಗೆ ಅನುಮಾನ ಬರಬೇಕು

ಭೇದಿ, ಹೊಟ್ಟೆ ಉಬ್ಬರ, ತೂಕ ಏರದ ಮಗು. ಪುಸ್ತಕದಲ್ಲಿ ಇರುವ ಚಿತ್ರ ಇದು. ಆದರೆ ಎಷ್ಟೋ ಜನರಿಗೆ ಹೊಟ್ಟೆಯದ್ದು ದೊಡ್ಡ ದೂರೇ ಇರುವುದಿಲ್ಲ. ಕಬ್ಬಿಣದ ಮಾತ್ರೆ ತಿಂಗಳುಗಟ್ಟಲೆ ನುಂಗಿದರೂ ಏರದ ಹಿಮೋಗ್ಲೋಬಿನ್, ಓರಗೆಯವರಿಗಿಂತ ಗಿಡ್ಡ ಉಳಿದ ಮಗು, ತಡವಾಗಿ ಮೈನೆರೆಯುವುದು, ಪದೇ ಪದೇ ಬಾಯಿಹುಣ್ಣು, ಹಲ್ಲಿನ ಹೊಳಪು ಪದರ ಹಾಳಾಗುವುದು, ಚಿಕ್ಕ ವಯಸ್ಸಿಗೇ ಮೂಳೆ ಟೊಳ್ಳಾಗುವುದು, ಕಾರಣ ಸಿಗದ ಗರ್ಭಪಾತ, ಕಾರಣ ಸಿಗದೆ ಏರಿದ ಲಿವರ್ ಎನ್‌ಜೈಮ್, ಕೈಕಾಲು ಜುಮುಜುಮು. ಮೊಣಕೈ, ಮಂಡಿ, ಪೃಷ್ಠದ ಮೇಲೆ ವಿಪರೀತ ತುರಿಸುವ ಸಣ್ಣ ಗುಳ್ಳೆಗಳು ಬರುವುದೂ ಇದೇ ಕಾಯಿಲೆಯ ಚರ್ಮದ ರೂಪ ಇರಬಹುದು.

ಟೈಪ್ 1 ಸಕ್ಕರೆ ಕಾಯಿಲೆ, ಥೈರಾಯ್ಡ್‌ನ ಆಟೋಇಮ್ಯೂನ್ ತೊಂದರೆ, ಡೌನ್ ಸಿಂಡ್ರೋಮ್ ಇದ್ದವರಲ್ಲಿ ಸೀಲಿಯಾಕ್ ಉಳಿದವರಿಗಿಂತ ಜಾಸ್ತಿ. ಇದನ್ನು ಒತ್ತಿ ಹೇಳಲು ಕಾರಣ ಇದೆ. ನಮ್ಮಲ್ಲಿ ಶುಗರ್ ಅಂದ ಕೂಡಲೇ "ಅನ್ನ ಬಿಡಿ, ಚಪಾತಿ ತಿನ್ನಿ" ಅಂತಾರೆ. ಇನ್ಸುಲಿನ್ ತೆಗೆದುಕೊಳ್ಳುವ ಮಗು ಚಪಾತಿ ಶುರು ಮಾಡಿದ ಮೇಲೆ ಇನ್ನೂ ಸೊರಗಿದರೆ, ಶುಗರ್ ಹಿಡಿತಕ್ಕೆ ಬರದೆ ಏರಿಳಿದರೆ, ಟಿಟಿಜಿ ಮಾಡಿಸಿ ಅಂತ ನೀವೇ ಕೇಳಿ.

"ಇದು ಉತ್ತರ ಭಾರತದವರ ಕಾಯಿಲೆ" ಅನ್ನುವ ಮಾತೂ ಕೇಳಿಬರುತ್ತದೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ದೇಶದ ಮೂರು ಭಾಗಗಳ ದೊಡ್ಡವರನ್ನು ಪರೀಕ್ಷಿಸಿತ್ತು. ಉತ್ತರದಲ್ಲಿ 100ಕ್ಕೆ 1.23, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ 0.10 ಜನರಿಗೆ ಸೀಲಿಯಾಕ್ ಇತ್ತು. ಆದರೆ ಕಾಯಿಲೆಗೆ ಬೇಕಾದ ಜೀನ್ ಉತ್ತರದಲ್ಲೂ ದಕ್ಷಿಣದಲ್ಲೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿತ್ತು. ದೊಡ್ಡ ವ್ಯತ್ಯಾಸ ಕಂಡದ್ದು ದಿನಕ್ಕೆ ತಿನ್ನುವ ಗೋಧಿಯಲ್ಲಿ. ಸಾವಿರಕ್ಕೆ ಒಬ್ಬರು ಅಂದರೂ ಕರ್ನಾಟಕದಲ್ಲಿ ಹತ್ತಾರು ಸಾವಿರ ಜನ ಆದರು. ಬೇಕರಿ ತಿಂಡಿ, ಬಿಸ್ಕತ್ತು, ನೂಡಲ್ಸ್, ರಾತ್ರಿಯ ಚಪಾತಿ ಎಲ್ಲ ಮನೆಗಳಿಗೂ ಬಂದಿವೆ. ಅಪರೂಪದ ಕಾಯಿಲೆ ಅಂತ ಅನುಮಾನವನ್ನೇ ಪಡದೆ ವರ್ಷಗಳು ಕಳೆಯುವುದು ನಮ್ಮ ಕಡೆಯ ನಿಜವಾದ ಕಷ್ಟ.

ಹಂತ 3: ಏನು ಬಿಡಬೇಕು, ಏನು ತಿನ್ನಬಹುದು

ಇದಕ್ಕೆ ಮಾತ್ರೆ ಇಲ್ಲ. ಗ್ಲುಟೆನ್ ಇಲ್ಲದ ಊಟವೇ ಔಷಧಿ. ಆ ಊಟ ಕೆಲಸ ಮಾಡುತ್ತದೆ ಅಂತ ಜಗತ್ತಿಗೆ ತಿಳಿದ ಕಥೆ ನೋಡಿ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರ ಚಳಿಗಾಲದಲ್ಲಿ, ನೆದರ್‌ಲ್ಯಾಂಡ್ಸ್‌ನಲ್ಲಿ ಆಹಾರದ ಕ್ಷಾಮ ಬಂದು ಬ್ರೆಡ್ ಸಿಗದೆ ಹೋಯಿತು. ಜನ ಹಸಿವಿನಿಂದ ಸಾಯುತ್ತಿದ್ದರು, ಆದರೆ ಸೀಲಿಯಾಕ್ ಇದ್ದ ಮಕ್ಕಳು ಚೇತರಿಸಿಕೊಂಡವು. ಮತ್ತೆ ಬ್ರೆಡ್ ಬಂದಾಗ ಮತ್ತೆ ಕಾಯಿಲೆ ಬಿದ್ದವು. ಗೋಧಿಯೇ ಕಾರಣ ಅಂತ ಮೊದಲಿನಿಂದಲೂ ಅನುಮಾನವಿದ್ದ ಮಕ್ಕಳ ಡಾಕ್ಟರ್ ವಿಲ್ಲೆಮ್ ಡಿಕೆ 1950ರಲ್ಲಿ ಅದನ್ನು ಪ್ರಬಂಧವಾಗಿ ಮಂಡಿಸಿದರು. ಅದೇ ಯುದ್ಧದ ಕಾಲದಲ್ಲಿ ಇಲ್ಲಿ ಅಕ್ಕಿ ಸಿಗದೆ ರವೆ ಇಡ್ಲಿ ಶುರು ಮಾಡಿದೆವು ಅಂತ ಬೆಂಗಳೂರಿನ ಎಂಟಿಆರ್‌ನವರು ಹೇಳುತ್ತಾರೆ. ಅಲ್ಲಿ ಗೋಧಿ ತಟ್ಟೆಯಿಂದ ಹೋದ ಹೊತ್ತಿನಲ್ಲೇ ಇಲ್ಲಿ ನಮ್ಮ ಇಡ್ಲಿಯೊಳಗೆ ಬಂತು.

ಬಿಡಬೇಕಾದವು: ಗೋಧಿ ಹಿಟ್ಟು, ಮೈದಾ, ಉಪ್ಪಿಟ್ಟಿನ ರವೆ, ಬನ್ಸಿ ರವೆ, ಚಿರೋಟಿ ರವೆ, ಗೋಧಿ ನುಚ್ಚು, ಗೋಧಿ ಶಾವಿಗೆ, ಜವೆಗೋಧಿ. ಇವುಗಳಿಂದ ಆಗುವ ಚಪಾತಿ, ಪೂರಿ, ಪರೋಟ, ಉಪ್ಪಿಟ್ಟು, ಕೇಸರಿಬಾತ್, ರವೆ ಇಡ್ಲಿ, ರವೆ ದೋಸೆ, ಹೋಳಿಗೆ, ಚಿರೋಟಿ, ಮಂಗಳೂರು ಬನ್ಸ್, ಗೋಳಿಬಜೆ, ಮದ್ದೂರು ವಡೆ, ಜಿಲೇಬಿ, ಜಾಮೂನು, ಗೋಧಿ ಹಾಲಿನ ಹಲ್ವ ಮತ್ತು ಸಂಡಿಗೆ, ಬ್ರೆಡ್ಡು, ಬಿಸ್ಕತ್ತು, ಕೇಕು, ರಸ್ಕು. ಹಾರ್ಲಿಕ್ಸ್, ಬೂಸ್ಟ್ ಥರದ ಮಾಲ್ಟ್ ಪುಡಿಗಳಲ್ಲಿ ಜವೆಗೋಧಿಯ ಮಾಲ್ಟ್ ಇರುತ್ತದೆ. ಬಿಯರ್ ಕೂಡ ಅದರದ್ದೇ. ಸೋಯಾ ಸಾಸ್ ಮಾಡುವುದು ಸಾಮಾನ್ಯವಾಗಿ ಗೋಧಿ ಸೇರಿಸಿ. ಹಾಗಾಗಿ ಗೋಬಿ ಮಂಚೂರಿ ಮೈದಾ ಬಿಟ್ಟರೂ ಸಾಸ್‌ನಲ್ಲಿ ಸಿಕ್ಕಿಬೀಳುತ್ತದೆ. ಐಸ್‌ಕ್ರೀಮ್ ತಿನ್ನುವುದಾದರೆ ಕಪ್‌ನಲ್ಲಿ ತಿನ್ನಿ, ಕೋನ್‌ನಲ್ಲಿ ಬೇಡ.

ಒಂದು ಗೊಂದಲ ಯಾವಾಗಲೂ ಆಗುತ್ತದೆ. ಇಡ್ಲಿ ರವೆ, ಅಂದರೆ ಅಕ್ಕಿ ತರಿ, ತಿನ್ನಬಹುದು. ಉಪ್ಪಿಟ್ಟಿನ ರವೆ ತಿನ್ನಬಾರದು. ಅಂಗಡಿಯಲ್ಲಿ "ರವೆ ಕೊಡಿ" ಅಂದರೆ ಯಾವುದು ಕೈಗೆ ಬರುತ್ತದೋ ಹೇಳಲಾಗದು. "ಅಕ್ಕಿ ತರಿ" ಅಂತಲೇ ಕೇಳಿ. ಶಾವಿಗೆಯಲ್ಲೂ ಹಾಗೇ: ಅಕ್ಕಿಯ ಒತ್ತುಶಾವಿಗೆ ಸರಿ, ಪಾಯಸದ ಪೊಟ್ಟಣದ ಶಾವಿಗೆ ಸಾಮಾನ್ಯವಾಗಿ ಗೋಧಿಯದ್ದು.

ತಿನ್ನಬಹುದಾದವುಗಳ ಪಟ್ಟಿ ಉದ್ದ, ಇದು ನಮ್ಮ ಪುಣ್ಯ. ಅನ್ನ, ಅವಲಕ್ಕಿ, ಮಂಡಕ್ಕಿ, ನೀರುದೋಸೆ, ಅಕ್ಕಿ ರೊಟ್ಟಿ, ಅಕ್ಕಿ ಕಡುಬು, ಪುಂಡಿ, ನೂಪುಟ್ಟು, ಕೋರಿ ರೊಟ್ಟಿ, ರಾಗಿ ಮುದ್ದೆ, ರಾಗಿ ಅಂಬಲಿ, ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ನವಣೆ ಅನ್ನ, ಸಾಮೆ ಬಿಸಿಬೇಳೆಬಾತ್, ಸಬ್ಬಕ್ಕಿ, ಮುಸುಕಿನ ಜೋಳ, ಎಲ್ಲ ಬೇಳೆಕಾಳು, ಕಡಲೆ ಹಿಟ್ಟು, ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸ, ತರಕಾರಿ, ಹಣ್ಣು, ಕಡಲೆಬೀಜ, ಎಣ್ಣೆ, ತುಪ್ಪ. ಓಟ್ಸ್ ಮಾತ್ರ ಸದ್ಯಕ್ಕೆ ದೂರ ಇಡಿ. ಶುದ್ಧ ಓಟ್ಸ್ ಹೆಚ್ಚಿನವರಿಗೆ ಒಗ್ಗುತ್ತದೆ, ಆದರೆ ಮಾರುಕಟ್ಟೆಯ ಓಟ್ಸ್‌ಗೆ ಗೋಧಿ ಬೆರೆತಿರುವುದೇ ಹೆಚ್ಚು. ಕಾಯಿಲೆ ಹತೋಟಿಗೆ ಬಂದ ಮೇಲೆ ಡಾಕ್ಟರನ್ನು ಕೇಳಿ ನೋಡೋಣ.

ಡಬ್ಬಿಗೆ ಚಪಾತಿ ಬದಲು ಏನು ಅನ್ನುವವರಿಗೆ ನನ್ನ ಉತ್ತರ ಮಲೆನಾಡಿನ ಉಬ್ಬು ರೊಟ್ಟಿ. ಗ್ಲುಟೆನ್ ಇಲ್ಲದ ಹಿಟ್ಟಿಗೆ ಅಂಟು ಇರುವುದಿಲ್ಲ, ತಣ್ಣೀರಿನಲ್ಲಿ ಕಲಸಿದರೆ ಲಟ್ಟಿಸುವಾಗ ಬಿರಿಯುತ್ತದೆ. ನೀರಿಗೆ ಉಪ್ಪು, ಒಂದು ಚಮಚ ಎಣ್ಣೆ ಹಾಕಿ ಮರಳಿಸಿ, ಅಕ್ಕಿ ಹಿಟ್ಟು ಸುರಿದು, ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿ. ಬಿಸಿ ಇರುವಾಗಲೇ ಕೈಗೆ ನೀರು ಮುಟ್ಟಿಸಿಕೊಂಡು ಚೆನ್ನಾಗಿ ನಾದಿ. ಬೆಂದ ಪಿಷ್ಟವೇ ಇಲ್ಲಿ ಅಂಟಿನ ಕೆಲಸ ಮಾಡುತ್ತದೆ. ಅಕ್ಕಿ ಹಿಟ್ಟನ್ನೇ ಉದುರಿಸಿಕೊಂಡು ಲಟ್ಟಿಸಿ, ಕಾವಲಿಯ ಮೇಲೆ ಎರಡೂ ಕಡೆ ಬೇಯಿಸಿ ಕೆಂಡದ ಮೇಲೋ ಗ್ಯಾಸಿನ ಉರಿಯ ಮೇಲೋ ಹಿಡಿದರೆ ಪೂರಿಯಂತೆ ಉಬ್ಬುತ್ತದೆ. ಬಟ್ಟೆಯಲ್ಲಿ ಸುತ್ತಿಟ್ಟರೆ ಮಧ್ಯಾಹ್ನದವರೆಗೂ ಮೆತ್ತಗೆ.

ಹಂತ 4: ಇಂಗಿನ ಡಬ್ಬಿ ತಿರುಗಿಸಿ ಓದಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ನೆನಪಿಡುತ್ತೇನೆ ಅನ್ನುವವರು ಇದನ್ನು ನೆನಪಿಡಿ. ನಮ್ಮ ಅಂಗಡಿಗಳಲ್ಲಿ ಸಿಗುವ ಇಂಗು ಹೆಚ್ಚಾಗಿ ಬೆರಕೆ ಇಂಗು. ನಿಜವಾದ ಇಂಗಿನ ಅಂಟು ತುಂಬಾ ಘಾಟು, ಹಾಗೇ ಬಳಸಲು ಆಗುವುದಿಲ್ಲ. ಅದಕ್ಕೆ ಗೋಂದು ಮತ್ತು ಹಿಟ್ಟು ಸೇರಿಸಿ ಮಾರುತ್ತಾರೆ. ಆ ಹಿಟ್ಟು ಬಹಳ ಸಲ ಗೋಧಿ ಅಥವಾ ಮೈದಾ. ಇದು ಕಾನೂನಿಗೆ ವಿರುದ್ಧವೂ ಅಲ್ಲ, ಡಬ್ಬಿಯ ಹಿಂದೆ ಚಿಕ್ಕ ಅಕ್ಷರದಲ್ಲಿ ಬರೆದೇ ಇರುತ್ತಾರೆ.

ಚಿಟಿಕೆ ಇಂಗಿನಿಂದ ಏನಾಗುತ್ತೆ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ದಿನಕ್ಕೆ 10 ಮಿಲಿಗ್ರಾಂಗಿಂತ ಕಡಿಮೆ ಗ್ಲುಟೆನ್ ಹೆಚ್ಚಿನ ರೋಗಿಗಳ ಕರುಳಿಗೆ ಹಾನಿ ಮಾಡುವುದಿಲ್ಲ ಅನ್ನುತ್ತಾರೆ. 30 ಗ್ರಾಂ ಹಿಟ್ಟಿನ ಒಂದು ಚಪಾತಿಯಲ್ಲಿ ಸುಮಾರು 2,500 ಮಿಲಿಗ್ರಾಂ ಗ್ಲುಟೆನ್ ಇದೆ. ಅಂದರೆ ಆ ಚಪಾತಿಯನ್ನು 250 ಚೂರು ಮಾಡಿದರೆ ಅದರಲ್ಲಿ ಒಂದು ಚೂರು ದಿನದ ಮಿತಿ. ಸಾರಿನಲ್ಲಿ ಒಂದು ಚಿಟಿಕೆ, ಮಜ್ಜಿಗೆಯ ಒಗ್ಗರಣೆಯಲ್ಲಿ ಒಂದು, ಉಪ್ಪಿನಕಾಯಿಯಲ್ಲಿ, ಹಪ್ಪಳದಲ್ಲಿ, ಚಟ್ನಿಪುಡಿಯಲ್ಲಿ ಇನ್ನಷ್ಟು ಸೇರಿದರೆ ಆ ಮಿತಿ ದಾಟುವುದು ಕಷ್ಟವಲ್ಲ. ಚಪಾತಿ ಮುಟ್ಟದೆಯೂ ಟಿಟಿಜಿ ಇಳಿಯದ ಮನೆಗಳಲ್ಲಿ ನಾನು ಮೊದಲು ಕೇಳುವುದೇ ಇಂಗನ್ನು.

ಅಕ್ಕಿ ಹಿಟ್ಟು ಬೆರೆಸಿದ, ಗ್ಲುಟೆನ್ ಇಲ್ಲ ಅಂತ ಬರೆದ ಇಂಗು ಈಗ ಸಿಗುತ್ತದೆ. ಸಿಗದಿದ್ದರೆ ಇಂಗನ್ನೇ ಬಿಟ್ಟು ಬೆಳ್ಳುಳ್ಳಿ ಒಗ್ಗರಣೆ ಹಾಕಿ. ಬೆಳ್ಳುಳ್ಳಿ ತಿನ್ನದ ಮನೆಯವರು ಜೀರಿಗೆ, ಕರಿಬೇವು, ಒಣಶುಂಠಿಯಲ್ಲಿ ರುಚಿ ತರಬಹುದು. ಸಾರಿನ ಪುಡಿ, ಹುಳಿಪುಡಿ, ವಾಂಗಿಬಾತ್ ಪುಡಿಗಳನ್ನು ಮನೆಯಲ್ಲೇ ಹುರಿದು ಮಿಕ್ಸಿಯಲ್ಲಿ ಪುಡಿ ಮಾಡಿಕೊಳ್ಳಿ. ಅಂಗಡಿಯ ಮಸಾಲೆ ಪುಡಿಯೊಳಗೆ ಬೆರಕೆ ಇಂಗು ಇರಬಹುದು. ಹಾಗೇ ಚಾಟ್ ಮಸಾಲ, ಹೊಟ್ಟೆನೋವಿಗೆ ಕೊಡುವ ಇಂಗಿನ ಚೂರ್ಣ ಕೂಡ.

ಹಂತ 5: ಗಿರಣಿ

ಹಿಟ್ಟಿನ ಗಿರಣಿಗೆ ಒಮ್ಮೆ ಹೋಗಿ ನಿಂತು ನೋಡಿ. ಮುಂದಿನವರ ಗೋಧಿ ಬೀಸಿ ಮುಗಿಯುತ್ತದೆ. ಗಿರಣಿಯವರು ಬಟ್ಟೆಯ ಚೀಲವನ್ನು ಎರಡು ಸಲ ಕೊಡವುತ್ತಾರೆ, ಬಿಳಿ ಧೂಳು ಏಳುತ್ತದೆ. ಅದರ ಮೇಲೇ ನಿಮ್ಮ ಜೋಳ ಸುರಿಯುತ್ತಾರೆ. ಮೊದಲು ಬೀಳುವ ಹಿಟ್ಟಿನ ಬಣ್ಣವೇ ಬೇರೆ ಇರುತ್ತದೆ. ಜೋಳ, ರಾಗಿಯಲ್ಲಿ ಗ್ಲುಟೆನ್ ಇಲ್ಲ. ಆದರೆ ಆ ಹಿಟ್ಟಿನಲ್ಲಿ ಇದೆ.

ಕಾಳು ಕಾಳಾಗಿಯೇ ತನ್ನಿ. ಮೊರದಲ್ಲಿ ಹರಡಿ ಆರಿಸಿ. ಜೋಳದ ನಡುವೆ ಉದ್ದನೆಯ ಗೋಧಿ ಕಾಳು ಬೆಳಕಿನಲ್ಲಿ ಚೆನ್ನಾಗಿ ಕಾಣುತ್ತದೆ, ಆ ಸೀಳು ಗೆರೆ ನೋಡಿದರೆ ಗುರುತು ಸಿಗುತ್ತದೆ. ತೊಳೆದು ಒಣಗಿಸಿ. ಬೀಸಲು ಒಳ್ಳೆಯ ದಾರಿ ಮನೆಯದ್ದೇ ಸಣ್ಣ ಗಿರಣಿ ಯಂತ್ರ, ಅದರಲ್ಲಿ ಗೋಧಿಯನ್ನು ಯಾವತ್ತೂ ಹಾಕಬಾರದು. ಬೆಲೆ ಜಾಸ್ತಿ ಅನ್ನಿಸಿದರೆ ಸ್ವಲ್ಪ ಸ್ವಲ್ಪವೇ ಮಿಕ್ಸಿಯಲ್ಲಿ ಮಾಡಿ ಸಾಣಿಸಿಕೊಳ್ಳಿ. ಅಕ್ಕಿ ನೆನೆಸಿ ರುಬ್ಬುವ ದೋಸೆ, ನೀರುದೋಸೆ, ಕಡುಬುಗಳಿಗೆ ಗಿರಣಿಯೇ ಬೇಡ. ಕೆಲವು ಗಿರಣಿಗಳಲ್ಲಿ ಅಕ್ಕಿ-ರಾಗಿಗೆ ಬೇರೆ ಯಂತ್ರ ಇರುತ್ತದೆ, ಆದರೆ ಪಕ್ಕದಲ್ಲೇ ಗೋಧಿ ಬೀಸುತ್ತಿದ್ದರೆ ಧೂಳು ಅಲ್ಲಿಗೂ ಬರುತ್ತದೆ. ಅದನ್ನು ಪೂರ್ತಿ ನಂಬಲು ನನಗೆ ಮನಸ್ಸಿಲ್ಲ.

ಸಿರಿಧಾನ್ಯದ ಪೊಟ್ಟಣಗಳಿಗೂ ಇದೇ ಮಾತು. ಮುಂದೆ ದೊಡ್ಡದಾಗಿ "ರಾಗಿ" ಅಂತ ಇದ್ದರೂ ಹಿಂದೆ ಗೋಧಿ ಹಿಟ್ಟು ಸೇರಿರುವ ಬಿಸ್ಕತ್ತು, ಶಾವಿಗೆ, ಮಕ್ಕಳ ಸರಿ ಹಿಟ್ಟು ಎಷ್ಟೋ ಇವೆ.

ಹಂತ 6: ಒಂದೇ ಮನೆಯಲ್ಲಿ ಎರಡು ಥರದ ಅಡುಗೆ

ಮನೆಯವರೆಲ್ಲ ಗೋಧಿ ಬಿಟ್ಟರೆ ಎಲ್ಲಕ್ಕಿಂತ ಸುಲಭ. ಅದು ಆಗದ ಮನೆಗಳಲ್ಲಿ ಕೆಲವು ಪಾತ್ರೆ ಬೇರೆ ಇಡಲೇಬೇಕು: ಜರಡಿ, ಲಟ್ಟಣಿಗೆ ಮತ್ತು ಮಣೆ, ಮರದ ಸೌಟು, ಕಾವಲಿ, ನಾನ್‌ಸ್ಟಿಕ್ ತವ. ಇವುಗಳ ಸಂದಿನಲ್ಲಿ ಹಿಟ್ಟು ಉಳಿಯುತ್ತದೆ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಸ್ಟೀಲ್ ಪಾತ್ರೆ, ಕುಕ್ಕರ್ ಚೆನ್ನಾಗಿ ತೊಳೆದರೆ ಸಾಕು. ಬೇರೆ ಇಟ್ಟ ಪಾತ್ರೆಗೆ ಒಂದೇ ಬಣ್ಣದ ದಾರ ಕಟ್ಟಿ. ಮನೆಗೆಲಸಕ್ಕೆ ಬರುವವರಿಗೂ ಅತ್ತೆ-ಮಾವನಿಗೂ ಮತ್ತೆ ಮತ್ತೆ ಹೇಳುವ ಕೆಲಸ ತಪ್ಪುತ್ತದೆ.

ಸೀಲಿಯಾಕ್ ಇದ್ದವರ ಅಡುಗೆ ಮೊದಲು ಮುಗಿಸಿ ಮುಚ್ಚಿಟ್ಟು, ಆಮೇಲೆ ಚಪಾತಿ ಹಿಟ್ಟು ತೆಗೆಯಿರಿ. ತುಪ್ಪ, ಬೆಣ್ಣೆ, ಜಾಮ್, ಉಪ್ಪಿನಕಾಯಿಗೆ ಬೇರೆ ಡಬ್ಬಿ ಇಡಿ. ಚಪಾತಿ ಚೂರು ಮೆತ್ತಿದ ಚಮಚ ಅದರೊಳಗೆ ಹೋಗಬಾರದು. ಪೂರಿ ಕರಿದ ಎಣ್ಣೆಯಲ್ಲಿ ಅವರ ಹಪ್ಪಳ ಕರಿಯಬೇಡಿ. ಕಾಯಿಸಿದರೆ ಗ್ಲುಟೆನ್ ಸಾಯುತ್ತದೆ ಅಂತ ಕೆಲವರು ತಿಳಿದಿದ್ದಾರೆ. ಅದು ಕ್ರಿಮಿ ಅಲ್ಲ, ಕಾಯಿಸಿದರೂ ಕುದಿಸಿದರೂ ಹೋಗುವುದಿಲ್ಲ.

ಹಂತ 7: ಪೊಟ್ಟಣ ಓದುವುದು

ನಮ್ಮ ದೇಶದಲ್ಲಿ ಪೊಟ್ಟಣದ ಮೇಲೆ "ಗ್ಲುಟೆನ್ ಫ್ರೀ" ಅಂತ ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಬಾರದು ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್ಎಸ್ಎಸ್ಎಐ) ನಿಯಮ ಇದೆ. "ಲೋ ಗ್ಲುಟೆನ್" ಅಂದರೆ 20ರಿಂದ 100ರವರೆಗೆ, ಅದು ಸೀಲಿಯಾಕ್ ಇದ್ದವರಿಗೆ ಅಲ್ಲ. ಪದಾರ್ಥಗಳ ಸಾಲಿನಲ್ಲಿ ವೀಟ್, ಆಟಾ, ಮೈದಾ, ಸೂಜಿ, ಸೆಮೊಲಿನಾ, ದಲಿಯಾ, ಬಾರ್ಲಿ, ಮಾಲ್ಟ್, ರೈ ಅಂತ ಕಂಡರೆ ವಾಪಸ್ ಇಡಿ. ಅದರ ಕೆಳಗೆ ಅಲರ್ಜಿಯ ಸೂಚನೆ ಇರುತ್ತದೆ, ಅದನ್ನೂ ಓದಿ. "ವೀಟ್ ಫ್ರೀ" ಅಂದರೆ ಗ್ಲುಟೆನ್ ಇಲ್ಲ ಅಂತಲ್ಲ, ಜವೆಗೋಧಿ ಇರಬಹುದು. ಪ್ರತಿ ಸಲ ಓದಿ, ಕಂಪನಿಯವರು ಪದಾರ್ಥ ಬದಲಿಸುತ್ತಿರುತ್ತಾರೆ. ಬಿಡಿಯಾಗಿ ಚೀಲದಿಂದ ಅಳೆದು ಕೊಡುವ ಹಿಟ್ಟು ಬೇಡ. ಹೊಸ ಮಾತ್ರೆ ಕೊಟ್ಟಾಗ ಅದರ ಪಿಷ್ಟ ಯಾವುದರದ್ದು ಅಂತ ಔಷಧಿ ಅಂಗಡಿಯಲ್ಲಿ ವಿಚಾರಿಸಿ.

ಹಂತ 8: ಹೋಟೆಲ್, ಮದುವೆ, ಪ್ರಸಾದ

ಹೋಟೆಲಿನ ದೋಸೆ ನೋಡಲು ಸುರಕ್ಷಿತ. ಆದರೆ ಅದೇ ಕಾವಲಿಯ ಮೇಲೆ ಐದು ನಿಮಿಷದ ಹಿಂದೆ ರವೆ ದೋಸೆ ಹುಯ್ದಿರುತ್ತಾರೆ, ಕೆಲವರು ಗರಿಗರಿ ಆಗಲಿ ಅಂತ ಹಿಟ್ಟಿಗೇ ರವೆಯೋ ಮೈದಾವೋ ಸೇರಿಸುತ್ತಾರೆ. ಸಾಂಬಾರಿನಲ್ಲಿ ಇಂಗು ಇದ್ದೇ ಇರುತ್ತದೆ. ಖಾನಾವಳಿಯ ಜೋಳದ ರೊಟ್ಟಿಗೆ ಗೋಧಿ ಹಿಟ್ಟು ಬೆರೆಸುವುದೂ ಉಂಟು. ಹೊರಗೆ ತಿನ್ನಲೇಬೇಕಾದರೆ ಒಗ್ಗರಣೆ ಇಲ್ಲದ ಬಿಳಿ ಅನ್ನ, ಮೊಸರು, ಬೇಯಿಸಿದ ಮೊಟ್ಟೆ, ಬಾಳೆಹಣ್ಣು, ಎಳನೀರು. ಕೇಳಿ ಖಾತ್ರಿ ಮಾಡಿಕೊಂಡರೆ ಇಡ್ಲಿ. ಹೋಟೆಲಿನವರಿಗೆ "ಗ್ಲುಟೆನ್" ಅಂದರೆ ಗೊತ್ತಾಗುವುದಿಲ್ಲ. ಈ ನಾಲ್ಕು ಸಾಲು ಬರೆದು ಜೇಬಿನಲ್ಲಿಟ್ಟುಕೊಳ್ಳಿ, ಅಡುಗೆಯವರಿಗೇ ತೋರಿಸಿ:

"ನನಗೆ ಕರುಳಿನ ಕಾಯಿಲೆ ಇದೆ. ಗೋಧಿ, ಮೈದಾ, ರವೆ, ಜವೆಗೋಧಿ, ಸೋಯಾ ಸಾಸ್, ಇಂಗು ಸ್ವಲ್ಪ ಸೇರಿದರೂ ಹುಷಾರು ತಪ್ಪುತ್ತದೆ. ಅಕ್ಕಿ, ರಾಗಿ, ಬೇಳೆ, ತರಕಾರಿ, ಹಾಲು ತಿನ್ನಬಹುದು. ದಯವಿಟ್ಟು ತೊಳೆದ ಪಾತ್ರೆ, ಬೇರೆ ಸೌಟು ಬಳಸಿ."

ಮದುವೆಗೆ ಹೋಗುವಾಗ ಊಟದ ಹೊತ್ತಿಗಲ್ಲ, ಬೆಳಿಗ್ಗೆಯೇ ಅಡುಗೆ ಭಟ್ಟರನ್ನು ಕಂಡು ಮಾತಾಡಿ. ಯಾವ ಪಲ್ಯಕ್ಕೆ ಏನು ಬಿದ್ದಿದೆ ಅಂತ ಅವರಷ್ಟು ಚೆನ್ನಾಗಿ ಯಾರೂ ಹೇಳಲಾರರು. ಒಗ್ಗರಣೆ ಹಾಕುವ ಮೊದಲು ತೊವ್ವೆ, ಪಲ್ಯ ಸ್ವಲ್ಪ ತೆಗೆದಿಡಿ ಅಂದರೆ ಖುಷಿಯಿಂದ ಮಾಡುತ್ತಾರೆ. ಎಲೆಯ ತುದಿಗೆ ಹೋಳಿಗೆ, ಚಿರೋಟಿ ಬಡಿಸದಂತೆ ಮೊದಲೇ ಹೇಳಿ.

ಪ್ರಸಾದದ ವಿಷಯ ನಾಜೂಕು. ಸತ್ಯನಾರಾಯಣ ಪೂಜೆಯ ಸಪಾದ ಭಕ್ಷ್ಯ ರವೆಯದ್ದು. ಶನಿವಾರ ರಾತ್ರಿಯ ಫಲಾಹಾರ ಅಂದರೆ ಎಷ್ಟೋ ಮನೆಗಳಲ್ಲಿ ಉಪ್ಪಿಟ್ಟು, ಚಪಾತಿ. "ದೇವರ ಪ್ರಸಾದ ಪುಟ್ಟಾ, ಒಂಚೂರು ತಗೋ, ಏನೂ ಆಗಲ್ಲ" ಅಂತ ಅಜ್ಜಿ ಪ್ರೀತಿಯಿಂದಲೇ ಹೇಳುತ್ತಾರೆ. ಮಗು ಅಲ್ಲಿ ವಾದ ಮಾಡುವಂತೆ ಆಗಬಾರದು. ನಾವೇ ಮೊದಲು ಹೇಳಬೇಕು: "ಅಜ್ಜಿ, ಅವಳಿಗೆ ಪಂಚಾಮೃತ, ಹಣ್ಣು-ಕಾಯಿ ಕೊಡಿ, ಅದೂ ಪ್ರಸಾದಾನೇ." ಮನೆಯ ಪೂಜೆಯಾದರೆ ನೈವೇದ್ಯವನ್ನೇ ಅಕ್ಕಿಯದ್ದು ಮಾಡಿ. ಯುಗಾದಿಗೆ ಹೋಳಿಗೆಯ ಹೂರಣವನ್ನು ಅಕ್ಕಿ ಹಿಟ್ಟಿನ ಕಡುಬಿಗೆ ತುಂಬಿ ಹಬೆಯಲ್ಲಿ ಬೇಯಿಸಿದರೆ ಎಲ್ಲರೂ ಒಟ್ಟಿಗೆ ತಿನ್ನಬಹುದು. ರಂಜಾನ್‌ನ ಹಲೀಮ್‌ಗೆ ಗೋಧಿ ನುಚ್ಚು ಹಾಕುತ್ತಾರೆ. ಚರ್ಚಿನ ಪ್ರಸಾದದ ರೊಟ್ಟಿಯೂ ಗೋಧಿಯದ್ದೇ, ಗ್ಲುಟೆನ್ ತೀರಾ ಕಡಿಮೆ ಇರುವ ಬಗೆಗೆ ಕ್ಯಾಥೊಲಿಕ್ ಚರ್ಚ್ ಒಪ್ಪಿಗೆ ಕೊಟ್ಟಿದೆ, ಪಾದ್ರಿಗಳ ಹತ್ತಿರ ಮಾತಾಡಿ.

ಶಾಲೆಗೆ ಡಾಕ್ಟರ ಚೀಟಿಯ ಜೊತೆ ಒಂದು ಪತ್ರ ಕೊಡಿ. ಬಿಸಿಯೂಟದಲ್ಲಿ ಉಪ್ಪಿಟ್ಟು ಇರುವ ದಿನ ಮನೆಯ ಡಬ್ಬಿ, ಗೆಳೆಯರ ಹುಟ್ಟುಹಬ್ಬಕ್ಕೆ ಬ್ಯಾಗಿನಲ್ಲಿ ಸದಾ ಒಂದು ಕಡಲೆ ಮಿಠಾಯಿ ಇರಲಿ. ಕ್ರಾಫ್ಟ್ ಕ್ಲಾಸಿನ ಮೈದಾ ಅಂಟು, ಆಟದ ಹಿಟ್ಟು ಮುಟ್ಟಿದರೆ ತೊಂದರೆ ಇಲ್ಲ, ಕೈ ತೊಳೆಯದೆ ಬಾಯಿಗೆ ಹಾಕಿದರೆ ತೊಂದರೆ.

ಹಂತ 9: ಮೈ ಕೂಡಿಕೊಳ್ಳುವ ಕಾಲ

ಪಥ್ಯ ಶುರುವಾದ ಕೆಲವೇ ವಾರಗಳಲ್ಲಿ ಹಸಿವು, ಗೆಲುವು ವಾಪಸ್ ಬರುತ್ತದೆ. ಕರುಳು ವಾಸಿಯಾಗಲು ಹೆಚ್ಚು ಸಮಯ ಬೇಕು. ಮಕ್ಕಳಲ್ಲಿ ಬೇಗ, ದೊಡ್ಡವರಲ್ಲಿ ಒಂದೆರಡು ವರ್ಷ, ಕೆಲವರಲ್ಲಿ ಅದಕ್ಕೂ ಜಾಸ್ತಿ. ಮೊದಮೊದಲು ಹಾಲು ಹಿಡಿಸದೆ ಹೋಗಬಹುದು, ಹಾಲಿನ ಸಕ್ಕರೆ ಕರಗಿಸುವ ಎನ್‌ಜೈಮ್ ಇರುವುದು ಕರುಳಿನ ಹಾಳಾದ ಆ ಎಳೆಗಳಲ್ಲೇ. ಮಜ್ಜಿಗೆ, ಮೊಸರು ಕೊಡಿ. ಕರುಳು ಸುಧಾರಿಸಿದ ಮೇಲೆ ಹಾಲು ಸಾಮಾನ್ಯವಾಗಿ ಒಗ್ಗುತ್ತದೆ.

ಬರೀ ಬಿಳಿ ಅನ್ನದ ಮೇಲೆ ನಿಲ್ಲಬೇಡಿ. ಮಲಬದ್ಧತೆ, ರಕ್ತಹೀನತೆ, ಬೊಜ್ಜು ಎಲ್ಲ ಬರಬಹುದು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಮೂಳೆ ಸವೆದವರಿಗೆ ಮುದ್ದೆಗಿಂತ ಒಳ್ಳೆಯ ಊಟ ಬೇಕಿಲ್ಲ. ಜೊತೆಗೆ ಸೊಪ್ಪು, ಮೊಳಕೆ ಕಾಳು, ನಿಂಬೆಹಣ್ಣು. ಕಬ್ಬಿಣ, ಫೋಲಿಕ್ ಆಸಿಡ್, ಬಿ12, ವಿಟಮಿನ್ ಡಿ ಎಷ್ಟು ಬೇಕು ಅನ್ನುವುದು ರಕ್ತ ಪರೀಕ್ಷೆ ನೋಡಿ ಡಾಕ್ಟರ್ ಹೇಳಲಿ.

ಆರು ತಿಂಗಳಿಗೆ, ವರ್ಷಕ್ಕೆ, ಆಮೇಲೆ ವರ್ಷಕ್ಕೊಮ್ಮೆ ಟಿಟಿಜಿ ನೋಡಿಸಿ. ಹಿಮೋಗ್ಲೋಬಿನ್, ಫೆರಿಟಿನ್, ಥೈರಾಯ್ಡ್, ಲಿವರ್ ಪರೀಕ್ಷೆ ಅದರ ಜೊತೆಗೇ ಆಗಲಿ. ದೊಡ್ಡವರು ಮೂಳೆಯ ಸಾಂದ್ರತೆಯ ಡೆಕ್ಸಾ ಸ್ಕ್ಯಾನ್ ಬಗ್ಗೆ, ನ್ಯುಮೋಕಾಕಲ್ ಲಸಿಕೆ ಬಗ್ಗೆ ಕೇಳಿ. ಮಕ್ಕಳ ಎತ್ತರ, ತೂಕ ಬರೆದಿಡಿ. ಅಪ್ಪ, ಅಮ್ಮ, ಅಣ್ಣತಮ್ಮ, ಅಕ್ಕತಂಗಿ ಎಲ್ಲರಿಗೂ ಒಮ್ಮೆ ಟಿಟಿಜಿ ಮಾಡಿಸಿ, ಲಕ್ಷಣ ಇಲ್ಲದಿದ್ದರೂ. ಹತ್ತಿರದ ರಕ್ತಸಂಬಂಧಿಗಳಲ್ಲಿ ಈ ಕಾಯಿಲೆ ಉಳಿದವರಿಗಿಂತ ಎಷ್ಟೋ ಪಟ್ಟು ಜಾಸ್ತಿ.

ಹಂತ 10: ತಪ್ಪಿ ಗೋಧಿ ಹೊಟ್ಟೆಗೆ ಹೋದರೆ

ಒಂದು ಸಲ ತಪ್ಪಿ ತಿಂದರೆ ಜೀವಕ್ಕೆ ಅಪಾಯ ಇಲ್ಲ. ಕೆಲವರಿಗೆ ಗಂಟೆಗಳಲ್ಲಿ ವಾಂತಿ, ಭೇದಿ, ಉಬ್ಬರ, ಕೆಲವರಿಗೆ ಏನೂ ತಿಳಿಯುವುದೇ ಇಲ್ಲ. ತಿಳಿಯಲಿಲ್ಲ ಅಂದರೆ ಕರುಳಿಗೆ ಪೆಟ್ಟು ಬಿದ್ದಿಲ್ಲ ಅಂತ ಅರ್ಥವಲ್ಲ. ಗ್ಲುಟೆನ್ ಇಳಿಸುತ್ತದೆ ಅಂತ ಮಾರುವ ಪುಡಿ, ಮಾತ್ರೆಗಳಿಗೆ ದುಡ್ಡು ಸುರಿಯಬೇಡಿ. ನೀರು, ಓಆರ್‌ಎಸ್, ಗಂಜಿ ಕೊಟ್ಟು ಮಲಗಲು ಬಿಡಿ. ಮಗುವನ್ನು ಬೈಯಬೇಡಿ, ಬೈದರೆ ಮುಂದಿನ ಸಲ ತಿಂದದ್ದನ್ನು ಮುಚ್ಚಿಡುತ್ತದೆ. ಏನು, ಎಲ್ಲಿ ತಿಂದದ್ದು ಅಂತ ಮಾತ್ರ ಬರೆದಿಡಿ.

ಆರು ತಿಂಗಳು, ವರ್ಷ ಪಥ್ಯ ಮಾಡಿದರೂ ತೂಕ ಇಳಿಯುತ್ತಿದ್ದರೆ, ಭೇದಿ ನಿಲ್ಲದಿದ್ದರೆ, ಟಿಟಿಜಿ ಕೆಳಗೆ ಬರದಿದ್ದರೆ ಮತ್ತೆ ಡಾಕ್ಟರ ಹತ್ತಿರ ಹೋಗಿ. ಹೆಚ್ಚಿನ ಸಲ ಕಾಣದ ಗೋಧಿಯೇ ಕಾರಣ ಆಗಿರುತ್ತದೆ. ಹೋಗುವಾಗ ಇಂಗಿನ ಡಬ್ಬಿ, ಮಸಾಲೆ ಪುಡಿ, ಮಾತ್ರೆಗಳ ಪೊಟ್ಟಣ ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ ಆಹಾರ ತಜ್ಞರ ಮುಂದೆ ಇಡಿ. ಊಟದಲ್ಲಿ ಏನೂ ಸಿಗಲಿಲ್ಲ ಅಂದರೆ ಪಥ್ಯಕ್ಕೆ ಬಗ್ಗದ ಅಪರೂಪದ ಸೀಲಿಯಾಕ್ ಇದೆಯೇ, ಕರುಳಿನ ಬೇರೆ ಕಾಯಿಲೆ ಇದೆಯೇ ಅಂತ ಮತ್ತೆ ಎಂಡೋಸ್ಕೋಪಿ ಮಾಡಿ ನೋಡಬೇಕಾಗುತ್ತದೆ. ಅದನ್ನು ಮುಂದೂಡಬೇಡಿ.